ಹುಟ್ಟದ ಶಿಶುವಿನ ಸಮ್ಮತಿ

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2018ರ ನವೆಂಬರಿನಲ್ಲಿ ಚೀನದ ಷೆನ್‌ಝೆನ್ ನಗರದ ವಿಜ್ಞಾನಿ ಹೆ ಜಿಯಾನ್‌ಕುಯಿ, ತಾವು ಭ್ರೂಣಾವಸ್ಥೆಯಲ್ಲಿಯೇ ವಂಶವಾಹಿಯನ್ನು ತಿದ್ದಿದ ಅವಳಿ ಹೆಣ್ಣುಮಕ್ಕಳು ಜನಿಸಿದ್ದಾರೆಂದು ಸಾರಿದರು. ತಂದೆಗೆ ಎಚ್.ಐ.ವಿ. ಸೋಂಕಿತ್ತು. ಆ ವೈರಾಣು ರಕ್ತಕಣದೊಳಗೆ ನುಗ್ಗಲು ಸಿಸಿಆರ್5 ಎಂಬ ವಂಶವಾಹಿಯಿಂದ ರೂಪುಗೊಳ್ಳುವ ಪ್ರೋಟೀನನ್ನು ಬಾಗಿಲಾಗಿ ಬಳಸುತ್ತದೆ. ಆ ಬಾಗಿಲನ್ನೇ ಮುಚ್ಚುವುದು ಅವರ ಉದ್ದೇಶವಾಗಿತ್ತು.

ಉದ್ದೇಶ ಸಾಧುವಾಗಿಯೇ ಕಾಣುತ್ತದೆ. ಆದರೆ ತಂದೆಯ ವೀರ್ಯವನ್ನು ತೊಳೆದು ಶುದ್ಧಗೊಳಿಸಿ, ಸೋಂಕಿಲ್ಲದ ಮಗುವನ್ನು ಪಡೆಯುವ ವಿಧಾನ ಆಗಲೇ ರೂಢಿಯಲ್ಲಿತ್ತು. ಆ ಪ್ರಯೋಗದಲ್ಲಿಯೂ ಅದನ್ನು ಅನುಸರಿಸಲಾಗಿತ್ತು. ಹಾಗಾದರೆ ತಿದ್ದುಪಡಿಯ ಅಗತ್ಯವೇನಿತ್ತು? ಅದು ಅಂದುಕೊಂಡಂತೆ ಆಗಲೂ ಇಲ್ಲ. ಒಂದು ಮಗುವಿನಲ್ಲಿ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಬದಲಾಯಿತು.

ಕಡತಗಳ ನಡುವೆಯೇ ತಲೆ ನರೆಸಿಕೊಂಡ ನನ್ನಂಥವನಿಗೆ ಹೆಚ್ಚು ಕಾಡುವುದು ಬೇರೊಂದು ಸಂಗತಿ. ತಂದೆತಾಯಿಯರು ರುಜು ಹಾಕಿದ ಸಮ್ಮತಿಪತ್ರದಲ್ಲಿ ಈ ಕಾರ್ಯವನ್ನು ಏಡ್ಸ್ ಲಸಿಕೆಯ ಯೋಜನೆಯೆಂದು ಬಣ್ಣಿಸಲಾಗಿತ್ತು. ನೈತಿಕ ಸಮಿತಿಯ ಅನುಮೋದನೆಯೂ ನಕಲಿಯೆಂದು ನ್ಯಾಯಾಲಯ ಕಂಡುಕೊಂಡಿತು. 2019ರ ಡಿಸೆಂಬರಿನಲ್ಲಿ ಅವರಿಗೆ ಮೂರು ವರ್ಷಗಳ ಸೆರೆವಾಸ, ಮೂವತ್ತು ಲಕ್ಷ ಯುವಾನ್ ದಂಡ.

ಕ್ರಿಸ್ಪರ್ ಎಂಬ ಈ ಅಣುಗತ್ತರಿಯನ್ನು ನಾನು ಹಳಿಯುತ್ತಿಲ್ಲ. ಅದರ ನಿರ್ಮಾತೃಗಳಾದ ಇಬ್ಬರು ಮಹಿಳೆಯರಿಗೆ 2020ರಲ್ಲಿ ನೊಬೆಲ್ ಸಂದಿತು. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಕುಡಗೋಲು ಕಣ ರೋಗಕ್ಕೆ ಅದರಿಂದಲೇ ರೂಪಿಸಿದ ಚಿಕಿತ್ಸೆಗೆ ಅನುಮತಿ ನೀಡಿದವು. ಆ ಚಿಕಿತ್ಸೆ ರೋಗಿಯ ರಕ್ತಕ್ಕಷ್ಟೇ ಸೀಮಿತ; ರೋಗಿ ಒಪ್ಪಬಹುದು, ಒಲ್ಲೆನೆನ್ನಬಹುದು. ಭ್ರೂಣದ ತಿದ್ದುಪಡಿಯಾದರೋ ಸಂತತಿಗೂ ಹರಿಯಬಲ್ಲದು.

‘ರೋಗನಿವಾರಣೆಗೆ ಮಾತ್ರ’ ಎಂಬ ಗೆರೆ ನಿಲ್ಲುವುದೆಂದು ನಂಬಲು ನಾವು ಭಾರತೀಯರು ಹಿಂಜರಿಯಬೇಕು. ಗರ್ಭದ ದೋಷವನ್ನು ಅರಿಯಲೆಂದು ಬಂದ ಪರೀಕ್ಷೆಗಳನ್ನು ನಾವು ಯಾವುದಕ್ಕೆ ಬಳಸಿದೆವು? 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ ಬಂದಿತು. ಆದರೂ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳು 2011ರ ಜನಗಣತಿಯಲ್ಲಿ 918ಕ್ಕೆ ಇಳಿದರು. ವಿದ್ಯಾವಂತರ ಮನೆಗಳೂ ಇದಕ್ಕೆ ಹೊರತಾಗಿರಲಿಲ್ಲ. ನಾಳೆ ಬಣ್ಣವನ್ನೋ ಎತ್ತರವನ್ನೋ ಆರಿಸಬಹುದೆಂದರೆ, ವಧೂವರರ ಜಾಹೀರಾತು ಬರೆಯುವ ಕೈಗಳು ಸುಮ್ಮನಿದ್ದಾವೆಯೆ?

ಆ ಅವಳಿಗಳ ಆರೋಗ್ಯವನ್ನು ಬಹುಕಾಲ ಗಮನಿಸಬೇಕಾಗುತ್ತದೆ. ಆ ತಪಾಸಣೆಗೂ ಅವರನ್ನು ಯಾರೂ ಕೇಳಿಲ್ಲ. 2036ರಲ್ಲಿ ಅವರಿಗೆ ಹದಿನೆಂಟು ತುಂಬುತ್ತದೆ. ಅಂದು ಅವರು ತಮ್ಮ ಕಡತವನ್ನು ತೆರೆದು ತೋರಿಸಿರೆಂದರೆ, ಅದನ್ನು ಅವರ ಮುಂದಿಡುವವರು ಯಾರು?