ಹುಡುಗರ ಮಾತಿಗೆ ಬೆಲೆ ಕೊಟ್ಟ ನ್ಯಾಯಾಧೀಶ



ಅಮೆರಿಕದ ಕೊಲರಾಡೋ ಸಂಸ್ಥಾನದ ಡೆನ್ವರ್ ನಗರದಲ್ಲಿ 1901ರಿಂದ 1927ರವರೆಗೆ ನ್ಯಾಯಪೀಠವನ್ನು ಅಲಂಕರಿಸಿದ್ದ ಬೆನ್ ಲಿಂಡ್ಸೆ ಎಂಬಾತನ ವೃತ್ತಾಂತವನ್ನು ಈ ಸಂಜೆ ತಮ್ಮಲ್ಲಿ ನಿವೇದಿಸಬೇಕೆಂದಿದ್ದೇನೆ. ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯವು 1899ರಲ್ಲಿಯೇ ಷಿಕಾಗೋ ನಗರದಲ್ಲಿ ಸ್ಥಾಪಿತವಾಗಿತ್ತಾದುದರಿಂದ ಆ ಕಲ್ಪನೆಯ ಕೀರ್ತಿ ಈತನಿಗೆ ಸಲ್ಲತಕ್ಕದ್ದಲ್ಲ. ಆದರೆ ತಪ್ಪಿತಸ್ಥನೆಂದು ಎದುರಿಗೆ ತಂದು ನಿಲ್ಲಿಸಿದ ಹುಡುಗನ ಬಾಯಿಮಾತಿಗೆ, ದೊಡ್ಡವರು ರುಜು ಹಾಕಿ ಬರೆದುಕೊಡುವ ಕರಾರುಪತ್ರದಷ್ಟೇ ಬೆಲೆಯುಂಟೆಂದು ನಂಬಿ, ಆ ನಂಬಿಕೆಗಾಗಿ ಹಣವನ್ನೂ ಅಧಿಕಾರವನ್ನೂ ಕಳೆದುಕೊಂಡವರಲ್ಲಿ ಈತನಿಗೆ ಸರಿಗಟ್ಟುವವರು ವಿರಳ.

ಟೆನೆಸಿ ಸೀಮೆಯಲ್ಲಿ 1869ರಲ್ಲಿ ಹುಟ್ಟಿದ ಲಿಂಡ್ಸೆಯ ತಂದೆ ಸಾಲದ ಹೊರೆಯಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಸಂಸಾರಭಾರವನ್ನು ಹೊತ್ತು, ಸಿಕ್ಕಿದ ಕೂಲಿ ಮಾಡಿ ಕಾನೂನು ಓದುತ್ತಿದ್ದ ಮಗನೂ ಒಮ್ಮೆ ಪಿಸ್ತೂಲನ್ನು ತಲೆಗಿಟ್ಟುಕೊಂಡನು; ಗುಂಡು ಹಾರಲಿಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ. ಕಷ್ಟವನ್ನುಂಡವರೆಲ್ಲ ದಯಾಳುಗಳಾಗುವುದಿಲ್ಲವೆಂಬುದು ನಾವೆಲ್ಲ ಕಂಡುದೇ ಆಗಿದೆ.

ಆತನ ಕಣ್ಣು ತೆರೆದುದು ಒಂದು ಕ್ಷುಲ್ಲಕ ಮೊಕದ್ದಮೆಯಿಂದ. ರೈಲು ಹಳಿಗಳ ಬಳಿ ಕಲ್ಲಿದ್ದಲು ಕದ್ದನೆಂದು ಇಟಲಿ ಮೂಲದ ಹುಡುಗನೊಬ್ಬನನ್ನು ಹಿಡಿದು ತಂದಿದ್ದರು. ಸಾಕ್ಷ್ಯ ಸ್ಪಷ್ಟ, ಕಾನೂನು ಸ್ಪಷ್ಟ. ಸುಧಾರಣಾ ಶಾಲೆಗೆ ಕಳುಹಿಸತಕ್ಕದ್ದೆಂದು ಆಜ್ಞೆಯಿತ್ತದ್ದೇ ತಡ, ನ್ಯಾಯಾಲಯದ ಹಿಂಭಾಗದಲ್ಲಿ ಕುಳಿತಿದ್ದ ತಾಯಿಯು ಕಿಟ್ಟನೆ ಚೀರಿ, ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಳು. ಆಜ್ಞೆಯನ್ನು ತಡೆಹಿಡಿದ ಲಿಂಡ್ಸೆ ಆ ರಾತ್ರಿ ಅವರ ಮನೆಗೆ ಹೋಗಿ ನೋಡಲಾಗಿ, ಅದಿರು ಕರಗಿಸುವ ಕಾರ್ಖಾನೆಯಲ್ಲಿ ದುಡಿದು ಸೀಸದ ವಿಷವೇರಿ ಹಾಸಿಗೆ ಹಿಡಿದಿದ್ದ ತಂದೆಯೂ, ಬೆಂಕಿಯಿಲ್ಲದ ಒಲೆಯೂ ಕಂಡುವು. ಕದ್ದ ಇದ್ದಲು ಏತಕ್ಕೆಂದು ಆ ಮೇಲೆ ಯಾರೂ ವಿವರಿಸಬೇಕಾಗಿರಲಿಲ್ಲ.

ಸುಧಾರಣಾ ಶಾಲೆಗೆ ಕಳುಹಿಸಲೇಬೇಕಾದ ಹುಡುಗರ ವಿಷಯದಲ್ಲಿ ಆತನು ನಡೆಸಿದ ಪ್ರಯೋಗವು ಪೊಲೀಸರ ಗೇಲಿಗೆ ಗುರಿಯಾಯಿತು. ಶಾಲೆಯಿದ್ದದ್ದು ಡೆನ್ವರಿನ ಪಶ್ಚಿಮಕ್ಕೆ ಕೆಲವು ಮೈಲಿಗಳಾಚೆ, ಗೋಲ್ಡನ್ ಎಂಬ ಊರಿನಲ್ಲಿ. ಬೇಡಿಯಿಲ್ಲ, ಕಾವಲಿಲ್ಲ, ಬಂಧನದ ಕಾಗದವನ್ನು ಹುಡುಗನ ಕೈಯಲ್ಲಿಯೇ ಇಟ್ಟು, ಪ್ರಯಾಣದ ಕಾಸನ್ನೂ ಕೊಟ್ಟು, ‘ನೀನೇ ಹೋಗಿ ಒಪ್ಪಿಸಿಕೊ’ ಎಂದು ಕಳುಹಿಸುತ್ತಿದ್ದನು. ಹೋದವರಲ್ಲಿ ಓಡಿಹೋದವರು ತೀರ ಕಡಮೆ. ಪೊಲೀಸರ ಕೈಯಿಂದ ತಪ್ಪಿಸಿಕೊಳ್ಳುವುದರಲ್ಲಿ ನಿಪುಣರಾದವರೇ ಹೀಗೆ ತಾವಾಗಿ ಹೋಗಿ ಬಾಗಿಲು ತಟ್ಟುತ್ತಿದ್ದರೆಂದ ಮೇಲೆ ಪೊಲೀಸರಿಗೆ ಮುಜುಗರವಾದುದು ಸಹಜವೇ.

ನಂಬಿಕೆಯ ಇನ್ನೊಂದು ಮುಖವು 1915ರಲ್ಲಿ ಪ್ರಕಟವಾಯಿತು. ಗಂಡನನ್ನು ಕೊಂದಳೆಂಬ ಆರೋಪಕ್ಕೆ ಗುರಿಯಾದವಳ ಮಗನು ಏಕಾಂತದಲ್ಲಿ ತನ್ನೊಡನೆ ಹೇಳಿದ್ದನ್ನು ಬಯಲಿಗಿಡೆನೆಂದು ಲಿಂಡ್ಸೆಯು ಸಾಕ್ಷಿಯ ಕಟಕಟೆಯಲ್ಲಿ ನಿಂತು ನಿರಾಕರಿಸಿದನು. ನ್ಯಾಯಾಲಯ ನಿಂದನೆಗಾಗಿ 500 ಡಾಲರ್ ದಂಡ ಬಿದ್ದಿತು. ಮೇಲಿನ ನ್ಯಾಯಾಲಯವೂ ಅದನ್ನೇ ಸ್ಥಿರಪಡಿಸಿತು. ನ್ಯಾಯಾಧೀಶನೇ ಸಾಕ್ಷ್ಯವನ್ನು ಮುಚ್ಚಿಡಬಹುದೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಗುಟ್ಟನ್ನು ಕಾಪಾಡುವೆನೆಂದು ಮಾತುಕೊಟ್ಟು ಮಗುವಿನ ಬಾಯಿ ಬಿಡಿಸಿದವನು ಮತ್ತೇನು ಮಾಡಬಹುದಾಗಿತ್ತು?

ಮುಂದೆ ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಕೂಟವು ಆತನ ಬೆನ್ನು ಹತ್ತಿತು. 1924ರ ಚುನಾವಣೆಯಲ್ಲಿ ಅಲ್ಪ ಮತಗಳ ಅಂತರದಿಂದ ಗೆದ್ದ ಲಿಂಡ್ಸೆಯನ್ನು, ಆ ಫಲಿತಾಂಶದ ಮೇಲೆ ಹೂಡಿದ ವ್ಯಾಜ್ಯವು 1927ರಲ್ಲಿ ಪೀಠದಿಂದಿಳಿಸಿತು. ವರ್ಷಾನುವರ್ಷ ಹುಡುಗರೂ ಹುಡುಗಿಯರೂ ತನ್ನನ್ನು ನಂಬಿ ಹೇಳಿಕೊಂಡುದನ್ನೆಲ್ಲ ಬರೆದಿಟ್ಟ ಕಡತಗಳು ವೈರಿಗಳ ಕೈಸೇರಬಾರದೆಂದು ಆತನು ಅವನ್ನು ಖಾಲಿ ನಿವೇಶನವೊಂದರಲ್ಲಿ ರಾಶಿ ಹಾಕಿ, ಬಹಿರಂಗವಾಗಿಯೇ ಸುಟ್ಟುಹಾಕಿದನು. ಚರಿತ್ರಕಾರರಿಗೆ ಇದರಿಂದ ನಷ್ಟವಾಗಿರಬಹುದು; ಆ ಕಾಗದಗಳು ಅವರಿಗಾಗಿ ಬರೆದವಲ್ಲ.

ಕೊಲರಾಡೋದಲ್ಲಿ ವಕೀಲಿ ಸನ್ನದನ್ನೂ ಕಳೆದುಕೊಂಡ ಲಿಂಡ್ಸೆ ಕ್ಯಾಲಿಫೋರ್ನಿಯಕ್ಕೆ ತೆರಳಿ, 1934ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಧೀಶನಾಗಿ ಚುನಾಯಿತನಾದನು. ವಿವಾಹವಿಚ್ಛೇದಕ್ಕೆ ಹೊರಟ ದಂಪತಿಗಳಿಗೆ ಎಳೆಯ ಮಕ್ಕಳಿದ್ದಲ್ಲಿ ಮೊದಲು ರಾಜಿಗೆ ಯತ್ನಿಸತಕ್ಕ ನ್ಯಾಯಾಲಯವೊಂದನ್ನು 1939ರ ಕಾಯಿದೆಯ ಮೂಲಕ ಅಲ್ಲಿ ತರಿಸಿದವನೂ ಈತನೇ. ದಾಂಪತ್ಯವನ್ನು ಕುರಿತ ಆತನ ಗ್ರಂಥವು 1927ರಲ್ಲಿ ಹೊರಬಂದಾಗ, ಈತನು ಸಂಸಾರಗಳನ್ನು ಒಡೆಯಲು ಹೊರಟವನೆಂದು ಚರ್ಚುಗಳ ವೇದಿಕೆಗಳಿಂದ ಗುಡುಗಿದ್ದ ಪಾದ್ರಿಗಳು ಈ ಕಾಯಿದೆಯ ಬಗೆಗೆ ಏನೆಂದುಕೊಂಡರೋ ತಿಳಿದುಕೊಳ್ಳಬೇಕೆಂಬ ಕುತೂಹಲ ನನಗುಂಟು.