ಬೇರೆಯವರು ಬರೆದದ್ದನ್ನು ಓದುವ ವಿದ್ಯೆ

ಸಾಫ್ಟ್‌ವೇರ್ ಇಂಟರ್ನ್‌ಶಿಪ್ಪಿನ ಮಾತನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಆಡುವುದು ರೂಢಿ. ಅದನ್ನು ಗುರುಪುರಕ್ಕೆ ತಂದ ಸಂಘಟಕರಿಗೆ ನಾನು ಋಣಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದ ಬಂದು, ಮನೆತನಕ್ಕೇ ಮೊದಲ ಎಂಜಿನಿಯರ್ ಆಗಲಿರುವ ಮಕ್ಕಳು ಎದುರಿಗಿದ್ದಾರೆ. ಅವರ ಮುಂದೆ ಈ ಮಾತು ಆಡುವಾಗ ತೂಗಿ ಆಡಬೇಕಾಗುತ್ತದೆ.

ಇಂಟರ್ನ್‌ಶಿಪ್ಪಿನ ಮೊದಲ ವಾರ ಆಗುವುದು ಇಷ್ಟು. ಲ್ಯಾಪ್‌ಟಾಪ್ ಕೈಗೆ ಬರುತ್ತದೆ. ಒಂದು ಟಿಕೆಟ್ ಬರುತ್ತದೆ: ರಸೀದಿ ಎರಡು ಸಲ ಪ್ರಿಂಟ್ ಆಗುತ್ತಿದೆ, ಸರಿಪಡಿಸಿ. ಕೋಡ್ ತೆರೆದರೆ ಹತ್ತಾರು ಕೈಗಳು ವರ್ಷಗಟ್ಟಲೆ ಬರೆದು ಬಿಟ್ಟುಹೋದ ಸಾವಿರಾರು ಫೈಲುಗಳು. ಲ್ಯಾಬಿನಲ್ಲಿ ಖಾಲಿ ಪರದೆಯ ಮೇಲೆ ಅರವತ್ತು ಸಾಲಿನ ಪ್ರೋಗ್ರಾಂ ಬರೆದು, ಔಟ್‌ಪುಟ್ ತೋರಿಸಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಬೆಳೆದ ಹುಡುಗಿಗೆ ಎಲ್ಲಿಂದ ಶುರುಮಾಡಬೇಕೆಂದೇ ತೋಚುವುದಿಲ್ಲ. ಬೆಳಗಿನ ಮೀಟಿಂಗಿನಲ್ಲಿ ಮೂರು ದಿನ ‘ನೋಡ್ತಾ ಇದೀನಿ’ ಎನ್ನುತ್ತಾಳೆ. ನಾಲ್ಕನೆಯ ದಿನ, ಈ ಕೆಲಸ ನನ್ನಂಥವಳಿಗಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಳ್ಳುತ್ತಾಳೆ. ನಾವು ಅದಕ್ಕೆ ಆತ್ಮವಿಶ್ವಾಸದ ಕೊರತೆ ಎಂದು ಹೆಸರಿಟ್ಟು ಒಂದು ಪ್ರೇರಣಾ ಉಪನ್ಯಾಸ ಏರ್ಪಡಿಸುತ್ತೇವೆ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ‘ಇಂಪೋಸ್ಟರ್’ ಮನಃಸ್ಥಿತಿಯ ಬಗ್ಗೆ ಬರೆದರು. ಅವರು ಹೇಳಿದ್ದು ಸಾಧಿಸಿ ತೋರಿಸಿದ ಮೇಲೂ ತಮ್ಮ ಯೋಗ್ಯತೆಯನ್ನು ತಾವೇ ನಂಬದ ಮಹಿಳೆಯರ ಕುರಿತು. ಆ ಪದವನ್ನು ತಂದು ಇಂಟರ್ನ್‌ಗಳಿಗೆ ಅಂಟಿಸಿದ್ದು ತಪ್ಪು. ತನಗೆ ಗೊತ್ತಿಲ್ಲ ಎಂದು ಈ ಹುಡುಗಿಗೆ ಅನ್ನಿಸುತ್ತಿರುವುದು ಭ್ರಮೆಯಲ್ಲ, ನಿಜವಾಗಿಯೂ ಗೊತ್ತಿಲ್ಲ. ಏಕೆಂದರೆ ನಾವು ಕಲಿಸಿದ್ದು ಬರೆಯುವುದನ್ನು, ಅಲ್ಲಿ ಬೇಕಾದದ್ದು ಬೇರೆಯವರು ಬರೆದದ್ದನ್ನು ಓದುವುದು. ನಮ್ಮ ಶಾಸ್ತ್ರ ದಾರಿ ತಪ್ಪಿದ್ದು ಇಲ್ಲಿ ಎಂಬುದು ನಾನು ಬಹಳ ಕಾಲದಿಂದ ಹಿಡಿದುಕೊಂಡು ಬಂದಿರುವ ಮಾತು.

ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಒಂದು ಪ್ರಬಂಧ ಬರೆದರು. ಒಂದು ತಂಡ ಕಂಪೈಲರ್ ಕಟ್ಟಿತ್ತು. ಇನ್ನೊಂದು ತಂಡ ಅದನ್ನು ವಿಸ್ತರಿಸಬೇಕಿತ್ತು. ಎರಡನೆಯವರ ಕೈಯಲ್ಲಿ ಪೂರ್ತಿ ಕೋಡ್ ಇತ್ತು, ದಾಖಲೆಗಳಿದ್ದವು, ಮೊದಲ ತಂಡದ ಸಲಹೆಯೂ ಇತ್ತು. ಆದರೂ ಅವರು ಮುಂದಿಟ್ಟ ಹಲವು ಪರಿಹಾರಗಳು ಮೂಲ ರಚನೆಯ ಶಕ್ತಿಯನ್ನು ಬಳಸಿಕೊಳ್ಳದೆ ಅದನ್ನೇ ಕೆಡಿಸುವ ತೇಪೆಗಳಾಗಿದ್ದವು. ಮೊದಲ ತಂಡದವರಿಗೆ ಅದು ನೋಡಿದೊಡನೆ ಕಂಡಿತು. ಪ್ರೋಗ್ರಾಮಿನ ತಿರುಳು ಕಾಗದದ ಮೇಲಿಲ್ಲ, ಕಟ್ಟಿದವರ ತಲೆಯಲ್ಲಿದೆ ಎಂಬುದು ನೌರ್ ಅವರ ವಾದ. ಅನುಭವಿಗಳ ತಂಡವೇ ಹೀಗೆ ಮುಗ್ಗರಿಸಿದ ಕಡೆ ಇಪ್ಪತ್ತೊಂದರ ಹುಡುಗಿ ಒಂದು ವಾರದಲ್ಲಿ ನಿರಾಯಾಸವಾಗಿ ನಡೆಯಬೇಕೆಂದು ಯಾವ ನ್ಯಾಯದಲ್ಲಿ ನಿರೀಕ್ಷಿಸುತ್ತೇವೆ?

ಓದಿಸಲು ದೊಡ್ಡ ಕೋಡ್ ಕಾಲೇಜಿಗೆ ಎಲ್ಲಿಂದ ಬರಬೇಕು ಎಂದು ಅಧ್ಯಾಪಕ ಮಿತ್ರರು ಕೇಳುತ್ತಾರೆ. ನಿಮ್ಮ ಜೇಬಿನ ಫೋನಿನಲ್ಲೇ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಅಕ್ಷರಗಳನ್ನು ಜೋಡಿಸಿ ತೋರಿಸುವ ಹಾರ್ಫ್‌ಬಜ್ ಮುಕ್ತ ತಂತ್ರಾಂಶ, ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಭಾರತದ ಲಿಪಿಗಳಿಗೆಂದೇ ಒಂದು ಭಾಗವಿದೆ, ರೇಫ ಎಲ್ಲಿ ಕೂರಬೇಕೆಂದು ಒಂದೊಂದು ಲಿಪಿಗೂ ಗುರುತು ಹಾಕಿಟ್ಟ ಪಟ್ಟಿಯಿದೆ. ‘ಸೂರ್ಯ’ ಎಂದು ಬರೆಯಿರಿ. ಬಾಯಲ್ಲಿ ರಕಾರ ಮೊದಲು, ಕೀಲಿ ಒತ್ತುವಾಗಲೂ ರಕಾರವೇ ಮೊದಲು. ಆದರೆ ಪರದೆಯ ಮೇಲೆ ಯಕಾರ ಮುಂದೆ ಬಂದು ಅರ್ಕಾವತ್ತು ಅದರ ಬಲಕ್ಕೆ ಸರಿಯುತ್ತದೆ. ದೇವನಾಗರಿಯಲ್ಲಾದರೆ ಅದು ತಲೆಯ ಮೇಲೇರುತ್ತದೆ. ಕನ್ನಡ ಬಾರದವರಿಗೆ ಆ ಪಟ್ಟಿಯ ನಮ್ಮ ಸಾಲು ಯಾರೋ ಇಟ್ಟುಹೋದ ವಿಚಿತ್ರ. ಹುಣಸೂರಿನ ಸರ್ಕಾರಿ ಶಾಲೆಯಲ್ಲಿ ಕಾಗುಣಿತ, ಒತ್ತಕ್ಷರ ತಿದ್ದಿದವಳಿಗೆ ಆ ಸಾಲು ಏಕಿದೆ ಎಂದು ಹೇಳಿಕೊಡಬೇಕಾಗಿಲ್ಲ. ನೌರ್ ಹೇಳಿದ ತಿರುಳು ಎಂದರೆ ಇದೇ: ಕೋಡಿನ ಆಚೆ, ಲೋಕದಲ್ಲಿರುವ ಕಾರಣ. ಒಂದು ಸೆಮಿಸ್ಟರಿನ ಲ್ಯಾಬನ್ನು ಇಂಥ ಓದಿಗೆ ಮೀಸಲಿಟ್ಟರೆ, ಅಪರಿಚಿತ ಕೋಡಿಗೆ ಹೆದರುವ ಮಕ್ಕಳು ‘ಇದನ್ನು ಏಕೆ ಬರೆದರು?’ ಎಂದು ಕೇಳತೊಡಗುತ್ತಾರೆ.

ಇದಕ್ಕೆಲ್ಲ ಇಂಗ್ಲಿಷ್ ಬಾರದ್ದೇ ಕಾರಣ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. ತಿಳಿಯದ್ದನ್ನು ಹತ್ತು ಜನರೆದುರು ಇಂಗ್ಲಿಷಿನಲ್ಲಿ ಕೇಳುವುದು ದುಪ್ಪಟ್ಟು ಕಷ್ಟ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟದ್ದನ್ನು ನಾನು ಮನಸಾರೆ ಸ್ವಾಗತಿಸಿದವನು. ಆದರೆ ಆಂಡ್ರೂ ಬೇಗೆಲ್ ಮತ್ತು ಬೆತ್ ಸೈಮನ್ ಮೈಕ್ರೋಸಾಫ್ಟ್‌ಗೆ ಹೊಸದಾಗಿ ಸೇರಿದ ಎಂಟು ಮಂದಿಯನ್ನು ಹತ್ತಿರದಿಂದ ಗಮನಿಸಿ 2008ರಲ್ಲಿ ಬರೆದದ್ದನ್ನು ಓದಿ. ಅಲ್ಲೂ ಹೊಸಬರು ಕೇಳಲು ಹಿಂಜರಿದು ಒಬ್ಬೊಬ್ಬರೇ ಒದ್ದಾಡಿದರು. ಭಾಷೆ ಗಾಯವನ್ನು ಆಳವಾಗಿಸುತ್ತದೆ, ಗಾಯ ಮಾತ್ರ ಬೇರೆ ಕಡೆ ಇದೆ. ಇನ್ನು, ಈಗ ಎಐ ಕೋಡ್ ಬರೆದೂ ಕೊಡುತ್ತದೆ, ವಿವರಿಸಿಯೂ ಕೊಡುತ್ತದೆ, ಓದುವ ವಿದ್ಯೆ ಏಕೆ ಎಂಬ ಪ್ರಶ್ನೆ. ಯಂತ್ರ ಬರೆದದ್ದೂ ಬೇರೆಯವರು ಬರೆದದ್ದೇ. ಅದನ್ನು ಓದಿ ಒಪ್ಪಿಕೊಳ್ಳಬೇಕಾದವಳು ಇವಳೇ. ರಸೀದಿ ಎರಡು ಸಲ ಬರಲಿ ಎಂದು ಹಿಂದೊಮ್ಮೆ ಗ್ರಾಹಕರೇ ಕೇಳಿದ್ದರೋ ಏನೋ, ಅದು ಎಲ್ಲೂ ದಾಖಲಾಗಿಲ್ಲದಿದ್ದರೆ ಯಂತ್ರಕ್ಕೂ ತಿಳಿಯದು. ಪಕ್ಕದ ಕುರ್ಚಿಯವರನ್ನು ಕೇಳಲೇಬೇಕು.

ಈ ಕೇಳುವ ವಿಷಯವೇ ನನ್ನನ್ನು ಬಿಡದೆ ಕಾಡುತ್ತಿರುವುದು. ಕಲಿಯುವವರು ಅಂಚಿನಿಂದ ಒಳಕ್ಕೆ ಬರುವ ಬಗೆಯನ್ನು ಲೇವ್ ಮತ್ತು ವೆಂಗರ್ 1991ರಲ್ಲೇ ವಿವರಿಸಿದ್ದಾರೆ. ಎರಡನೆಯ ಗೋಷ್ಠಿಯ ಗೆಳೆಯರು ಅದನ್ನು ನನಗಿಂತ ಚೆನ್ನಾಗಿ ಬಲ್ಲರು, ಅವರಿಗೇ ಬಿಡುತ್ತೇನೆ. ನನ್ನ ಪ್ರಶ್ನೆ ಚಿಕ್ಕದು: ಎಷ್ಟು ಹೊತ್ತು ಒದ್ದಾಡಿ ಕೇಳಬೇಕು? ಬೇಗ ಕೇಳಿದರೆ ಉತ್ತರ ಸಿಗುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ತಡವಾದರೆ ಮನಸ್ಸು ಮುರಿಯುತ್ತದೆ. ಹದಿನೈದು ನಿಮಿಷ ಎನ್ನುವ ತಂಡಗಳಿವೆ, ಅರ್ಧ ದಿನ ಎನ್ನುವ ತಂಡಗಳೂ ಇವೆ. ಬೈಲುಕುಪ್ಪೆಯ ಸೆರಾ ವಿಹಾರದ ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ಇಲ್ಲಿನ ಹಲವರು ನೋಡಿದ್ದೀರಿ. ಉತ್ತರಿಸುವವರು ಕೂತಿರುತ್ತಾರೆ, ಪ್ರಶ್ನಿಸುವವರು ಎದ್ದು ನಿಂತು ಚಪ್ಪಾಳೆ ತಟ್ಟಿ ಕೇಳುತ್ತಾರೆ. ಅಲ್ಲಿ ಕೇಳುವುದೇ ಅಭ್ಯಾಸ ಮಾಡಿ ಗಳಿಸುವ ವಿದ್ಯೆ. ನಮ್ಮ ವೈವಾದಲ್ಲಿ ವಿದ್ಯಾರ್ಥಿ ಪ್ರಶ್ನೆ ಕೇಳಿ ಅಂಕ ಗಳಿಸುವ ಅವಕಾಶವೇ ಇಲ್ಲ.

ಈ ಸೀಮೆಯ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಇನ್ನೊಂದು ಕ್ರಮವಿದೆ. ಸೊಪ್ಪು ಹದವಾಗಲು ಹಲವು ದಿನ ಬೇಕು. ಹಳದಿ ತಿರುಗಿಸುವಾಗ ಹಿತವಾದ ಬಿಸಿ, ಬಣ್ಣ ನಿಂತ ಮೇಲೆ ದಂಟು ಒಣಗುವವರೆಗೆ ಏರುವ ಬಿಸಿ. ಹೊಸಬ ಸೌದೆ ಹಾಕುತ್ತಾನೆ, ಥರ್ಮಾಮೀಟರ್ ನೋಡುತ್ತಾನೆ. ಗಾಳಿಕಿಂಡಿ ಯಾವಾಗ ತೆಗೆಯಬೇಕೆಂಬುದು ಅವನಿಗೆ ಬಿಟ್ಟ ಮಾತಲ್ಲ. ಪಳಗಿದವರು ಅವನು ಕೇಳಲಿ ಎಂದು ಕಾದು ಕೂರುವುದಿಲ್ಲ, ರಾತ್ರಿ ತಾವೇ ಎದ್ದು ಬಂದು ಎಲೆಯ ಬಣ್ಣ ನೋಡುತ್ತಾರೆ. ಕೇಳುವ ಹೊರೆಯನ್ನೆಲ್ಲ ಹೊಸಬರ ಹೆಗಲಿಗೇ ಹೊರಿಸಿದ್ದು ಸರಿಯೇ ಎಂಬ ಅನುಮಾನ ನನಗೆ ಬಲವಾಗುತ್ತಿರುವುದು ಇದನ್ನು ನೋಡಿ. ಇಂಟರ್ನ್‌ಗಳ ಡೈರಿಯಲ್ಲಿ ಹಾಜರಾದ ದಿನಗಳನ್ನು ಎಣಿಸುತ್ತೇವೆ. ಮಾರ್ಗದರ್ಶಿ ಕರೆಸಿಕೊಳ್ಳದೆ ತಾವಾಗಿ ಎದ್ದು ಹೋಗಿ ಎಷ್ಟು ಸಲ ಪಕ್ಕದಲ್ಲಿ ಕೂತರು ಎಂಬುದನ್ನೂ ಅದರಲ್ಲಿ ಬರೆಸೋಣ. ಹಾಗೆ ಎದ್ದು ಹೋಗಬೇಕಾದ ಹೊತ್ತನ್ನು ಯಾವ ಗುರುತಿನಿಂದ ಹಿಡಿಯಬೇಕು, ಮೂರು ದಿನದ ‘ನೋಡ್ತಾ ಇದೀನಿ’ಯೇ ಆ ಎಲೆಯ ಬಣ್ಣವೇ, ಅದಕ್ಕೂ ಮೊದಲೇ ಕಾಣುವ ಗುರುತು ಬೇರೆ ಇದೆಯೇ? ಈ ಎರಡು ದಿನ ನಿಮ್ಮ ಗೋಷ್ಠಿಗಳು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.