ಮನೆಖರ್ಚಿನ ಲೆಕ್ಕ



ತಿಂಗಳ 20 ದಾಟಿತೆಂದರೆ ನಮ್ಮ ಆರ್.ಟಿ. ನಗರ, ಹೆಬ್ಬಾಳದ ಎಷ್ಟೋ ಮನೆಗಳಲ್ಲಿ ಒಂದೇ ಜಗಳ: ಕೊಟ್ಟ ದುಡ್ಡು ಎಲ್ಲಿ ಹೋಯಿತು? ಉತ್ತರ ನಮಗೇ ಗೊತ್ತಿದೆ. 2025ರ ಜನವರಿಯಲ್ಲಿ ಬಿಎಂಟಿಸಿ ಟಿಕೆಟ್ ದರ ಶೇ. 15ರಷ್ಟು ಏರಿತು. ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ದಿನಕ್ಕೆ ಎರಡು ಲೀಟರ್ ಕೊಳ್ಳುವ ಮನೆಗೆ ತಿಂಗಳಿಗೆ 240 ರೂಪಾಯಿ. ಬಾಡಿಗೆಯ ಮಾತಂತೂ ಬೇಡ. ಹೆಂಡತಿಯ ಕೈಗೆ ಕೊಡುವ ಮೊತ್ತ ಮಾತ್ರ ಹಳೆಯದೇ.

ಅಬೂ ಸುಫ್ಯಾನ್(ರ)ರ ಪತ್ನಿ ಹಿಂದ್(ರ) ಪ್ರವಾದಿ(ಸ)ರ ಬಳಿ ಬಂದು, ಗಂಡ ಸಾಕಷ್ಟು ಕೊಡುವುದಿಲ್ಲ, ತಿಳಿಸದೆ ತೆಗೆದುಕೊಳ್ಳಬೇಕಾಗುತ್ತದೆ ಎಂದು ದೂರಿದರು. ಪ್ರವಾದಿ(ಸ) ಗದರಲಿಲ್ಲ. ಆಕೆಗೂ ಮಕ್ಕಳಿಗೂ ಸಾಕಾಗುವಷ್ಟನ್ನು ನ್ಯಾಯವಾಗಿ ತೆಗೆದುಕೊಳ್ಳಲು ಅನುಮತಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ಗಂಡಸರ ಸಭೆಗಳಲ್ಲಿ ಕೇಳಿಬರುವುದು ಅಪರೂಪ!

ಗೃಹಲಕ್ಷ್ಮಿಯ 2,000 ರೂಪಾಯಿ ಆಕೆಯ ಹಣ. ಹೊಲಿಗೆಯಿಂದ ಗಳಿಸಿದ್ದೂ ಆಕೆಯದೇ. ಸಂತೋಷದಿಂದ ಮನೆಗೆ ಕೊಟ್ಟರೆ ಅದು ಆಕೆಯ ಔದಾರ್ಯ. ಕಸಿದುಕೊಳ್ಳುವ ಹಕ್ಕು ನಮಗಿಲ್ಲ. ಮನೆಯ ಖರ್ಚು ಗಂಡನ ಹೊಣೆ. ಹಾಗೆಂದು ಅವನ ಶಕ್ತಿಗೆ ಮೀರಿದ್ದಲ್ಲ ಎಂದು ಸೂರಾ ತಲಾಖ್ (65:7) ಕಲಿಸುತ್ತದೆ. ಸಂಪಾದನೆ ಕಡಿಮೆಯಿದ್ದರೆ ಅದನ್ನು ಬಾಯಿಬಿಟ್ಟು ಹೇಳೋಣ. ಎಷ್ಟು ಬರುತ್ತದೆಂದೇ ಗೊತ್ತಿಲ್ಲದ ಮನೆಯಾಕೆ ಹಿಡಿತದಿಂದ ಖರ್ಚು ಮಾಡುವುದಾದರೂ ಹೇಗೆ? ಸಂಬಳದ ದಿನ ಇಬ್ಬರೂ ಕುಳಿತು ಒಂದು ಚೀಟಿಯಲ್ಲಿ ಬರೆಯಿರಿ. ಅಕ್ಕಿ, ಹಾಲು, ಶಾಲೆಯ ಫೀಸಿನ ಜೊತೆಗೆ ನಮ್ಮ ಹೋಟೆಲ್ ಚಹಾ, ಸಿಗರೇಟು, ಮೊಬೈಲಿನ ಕಂತು ಕೂಡ ಅದೇ ಚೀಟಿಯಲ್ಲಿರಲಿ.